ಯುದ್ಧ ಮತ್ತು ರಾಷ್ಟ್ರೀಯ ಭದ್ರತೆಯ ಮೇಲೆ ಸಂಶೋಧನಾ ಪ್ರಬಂಧ: ಸಾರಲೇಖದಿಂದ ಒಪ್ಪಿಸುವವರೆಗೆ ಒಂದು ಸಮಗ್ರ ಮಾರ್ಗದರ್ಶಿ

ರಾಜ್ಯಶಾಸ್ತ್ರ, ಇತಿಹಾಸ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗಗಳಲ್ಲಿ ರಕ್ಷಣಾ ವಿಷಯಗಳನ್ನು ಎತ್ತಿಕೊಳ್ಳುವ ವಿದ್ಯಾರ್ಥಿಗಳ ಸಾರಲೇಖಗಳು (ಸಂಶೋಧನೆಗೆ ಮುಂಚೆ ಸಲ್ಲಿಸುವ ಯೋಜನೆಯ ಸಾರಾಂಶಗಳು) ಹೆಚ್ಚಾಗಿ ಒಂದೇ ಕಾರಣಕ್ಕೆ ತಿದ್ದುಪಡಿಗೆ ಮರಳುತ್ತವೆ. ‘ಭಾರತ–ಚೀನಾ ಸಂಬಂಧಗಳು: ಒಂದು ಅಧ್ಯಯನ’, ‘ಭಾರತದ ಭದ್ರತಾ ಸವಾಲುಗಳು: ಒಂದು ವಿಶ್ಲೇಷಣೆ’ ಎಂಬಂಥ ಶೀರ್ಷಿಕೆಗಳ ಕೆಳಗೆ ಪ್ರಶ್ನೆಯೇ ಇರುವುದಿಲ್ಲ; ಪ್ರಶ್ನೆಯಿದ್ದರೂ ಅದಕ್ಕೆ ಉತ್ತರಿಸಬಲ್ಲ ಕಾಗದಪತ್ರಗಳು ವಿದ್ಯಾರ್ಥಿಯ ಕೈಗೆ ಸಿಗುವಂತಿರುವುದಿಲ್ಲ. ಶ್ರಮಕ್ಕೆ ಕೊರತೆಯಿಲ್ಲ, ಆದರೆ ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಸಿದ್ಧಾಂತ, ಆಮೇಲೆ ಪ್ರಶ್ನೆ, ಕೊನೆಗೆ ಆಕರ ಎಂಬ ಕ್ರಮ ಬೇರೆ ವಿಷಯಗಳಲ್ಲಿ ಹೇಗೋ ನಡೆದುಹೋಗಬಹುದು. ದಾಖಲೆಗಳ ಬಹುಭಾಗ ಗೋಪ್ಯವಾಗಿರುವ ಈ ಕ್ಷೇತ್ರದಲ್ಲಿ ಮಾತ್ರ ಅದು ನಡೆಯುವುದಿಲ್ಲ: ಇಲ್ಲಿ ಕಚ್ಚಾ ಪ್ರಶ್ನೆ ಹುಟ್ಟಿದ ಕೂಡಲೇ ಆಕರ ಪರೀಕ್ಷೆ ಆಗಬೇಕು, ಆಕರ ಏನನ್ನು ಹೇಳಬಲ್ಲದೋ ಅದಕ್ಕೆ ತಕ್ಕಂತೆ ಪ್ರಶ್ನೆ ಗಟ್ಟಿಯಾಗಬೇಕು, ಸಿದ್ಧಾಂತ ಅದರ ನಂತರ ಬರಬೇಕು.

ಹಂತಗಳನ್ನು ವಿವರಿಸಲು ಉದ್ದಕ್ಕೂ ಒಂದೇ ಉದಾಹರಣೆಯನ್ನು ಬಳಸಿದ್ದೇನೆ. 1962ರ ಅಕ್ಟೋಬರ್ 20ರಿಂದ ನವೆಂಬರ್ 21ರವರೆಗೆ ನಡೆದ ಭಾರತ–ಚೀನಾ ಯುದ್ಧದಲ್ಲಿ ಭಾರತೀಯ ವಾಯುಪಡೆಯ ಸಾಗಣೆ ವಿಮಾನಗಳೂ ಹೆಲಿಕಾಪ್ಟರ್‌ಗಳೂ ಬಿಡುವಿಲ್ಲದೆ ದುಡಿದವು, ಆದರೆ ದಾಳಿ ವಿಮಾನಗಳನ್ನು ಕಣಕ್ಕಿಳಿಸಲಿಲ್ಲ. ಏಕೆ? ಸ್ನಾತಕೋತ್ತರ ಕಿರುಪ್ರಬಂಧಕ್ಕೂ ಪಿಎಚ್.ಡಿ.ಯ ಒಂದು ಅಧ್ಯಾಯಕ್ಕೂ ಸರಿಹೊಂದುವ ಅಳತೆಯ ಪ್ರಶ್ನೆ ಇದು.

ಆರಂಭಕ್ಕೆ ಮೊದಲು ಬೇಕಾದ ಸಲಕರಣೆಗಳು

ವಿಭಾಗದ ಮುಖ್ಯಸ್ಥರಿಂದಲೋ ಮಾರ್ಗದರ್ಶಕರಿಂದಲೋ ಸಂಶೋಧನೆಯ ವಿಷಯವನ್ನು ನಮೂದಿಸಿದ ಪರಿಚಯಪತ್ರವನ್ನು ಮೊದಲ ವಾರದಲ್ಲೇ ಪಡೆದುಕೊಳ್ಳಬೇಕು. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ವಾಚನಾಲಯಕ್ಕೆ ಅದು ಬೇಕಾಗುತ್ತದೆ. ಪತ್ರದಲ್ಲಿ ವಿಷಯವನ್ನು ತುಸು ಅಗಲವಾಗಿ ಬರೆಸಿಕೊಳ್ಳುವುದು ಜಾಣತನ, ಏಕೆಂದರೆ ಪ್ರಶ್ನೆ ಮುಂದೆ ಬದಲಾಗುವುದು ಖಚಿತ.

ಆಕರಗಳನ್ನು ದಾಖಲಿಸಲು ಜೊಟೆರೊದಂಥ ಉಚಿತ ತಂತ್ರಾಂಶ, ದಿನಾಂಕವಾರು ಘಟನೆಗಳನ್ನು ಜೋಡಿಸಲು ಒಂದು ಸ್ಪ್ರೆಡ್‌ಶೀಟ್, ರಣಭೂಮಿಯ ಎತ್ತರ ಮತ್ತು ದೂರಗಳು ಕಾಣುವ ಒಂದು ಭೂಪಟ, ಇಷ್ಟಿದ್ದರೆ ಸಾಕು. ಭೂಪಟ ಅಲಂಕಾರಕ್ಕಲ್ಲ. ಈ ಯುದ್ಧದ ಮೊದಲ ದಾಳಿ ನಡೆದ ನಾಮ್ಕಾ ಚು ಕಣಿವೆ ಎಲ್ಲಿದೆ, ಅಸ್ಸಾಂನ ತೇಜ್‌ಪುರದಿಂದ ಅದು ಎಷ್ಟು ದೂರ ಎಂಬುದು ತಲೆಯಲ್ಲಿಲ್ಲದವರು ವಾಯುಬೆಂಬಲದ ಬಗ್ಗೆ ಬರೆದ ಪುಟಗಳು ಓದಿದ ತಕ್ಷಣ ಗೊತ್ತಾಗುತ್ತವೆ.

ಹಂತ 1: ವಿಷಯವನ್ನು ಪ್ರಶ್ನೆಯಾಗಿಸುವುದು

‘ಒಂದು ಅಧ್ಯಯನ’ ಎಂದು ಮುಗಿಯುವ ಶೀರ್ಷಿಕೆಯನ್ನು ಪಕ್ಕಕ್ಕಿಟ್ಟು, ‘ಏಕೆ’ ಅಥವಾ ‘ಹೇಗೆ’ ಎಂಬ ಪದವಿರುವ ಒಂದೇ ವಾಕ್ಯ ಬರೆಯಬೇಕು. ಆ ವಾಕ್ಯದಲ್ಲಿ ಕಾಲದ ಗಡಿ, ನಿರ್ಧಾರ ಕೈಗೊಂಡ ಸಂಸ್ಥೆ ಅಥವಾ ಸ್ಥಾನ, ವಿವರಿಸಬೇಕಾದ ಫಲಿತಾಂಶ ಈ ಮೂರೂ ಇರಬೇಕು. ‘1962ರ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಕೇಂದ್ರ ಸರ್ಕಾರವು ಯುದ್ಧವಿಮಾನಗಳನ್ನು ದಾಳಿಗೆ ಬಳಸದಿರಲು ಏಕೆ ನಿರ್ಧರಿಸಿತು’ ಎಂಬ ವಾಕ್ಯದಲ್ಲಿ ಮೂರೂ ಇವೆ. ‘ಭಾರತದ ವಾಯುಶಕ್ತಿ ಮತ್ತು ಗಡಿ ಭದ್ರತೆ’ ಎಂಬುದರಲ್ಲಿ ಒಂದೂ ಇಲ್ಲ.

ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಸುದ್ದಿಯಲ್ಲಿರುವ ಕಾರ್ಯಾಚರಣೆಯನ್ನೇ ಹಿಡಿದುಕೊಳ್ಳುವುದು. 2020ರ ಜೂನ್‌ನ ಗಾಲ್ವಾನ್ ಘರ್ಷಣೆ, 2019ರ ಬಾಲಾಕೋಟ್, 2025ರ ಮೇ ತಿಂಗಳ ಆಪರೇಷನ್ ಸಿಂಧೂರ ಇವುಗಳ ಸೈನಿಕ ನಿರ್ಧಾರಗಳ ಕುರಿತು ವಿದ್ಯಾರ್ಥಿಗೆ ಸಿಗುವುದು ಪತ್ರಿಕಾ ಹೇಳಿಕೆ, ದೂರದರ್ಶನದ ಚರ್ಚೆ ಮತ್ತು ಎರಡೂ ಕಡೆಯ ಪ್ರಚಾರ ಮಾತ್ರ. ಅಂಥ ಘಟನೆಯ ಮೇಲೆಯೇ ಬರೆಯಬೇಕೆಂಬ ಹಂಬಲವಿದ್ದರೆ ಪ್ರಶ್ನೆಯನ್ನು ತೆರೆದ ದಾಖಲೆಯ ಕಡೆಗೆ ತಿರುಗಿಸಬೇಕು: ಸಂಸತ್ತಿನಲ್ಲಿ ಸರ್ಕಾರ ಏನು ಹೇಳಿತು, ಅದರ ನಂತರ ಗಡಿ ರಸ್ತೆಗಳ ಅನುದಾನ ಹೇಗೆ ಬದಲಾಯಿತು, ಎರಡು ದೇಶಗಳ ಅಧಿಕೃತ ಪ್ರಕಟಣೆಗಳ ಭಾಷೆ ಎಲ್ಲಿ ಬೇರ್ಪಟ್ಟಿತು.

ಎಚ್ಚರಿಕೆಯ ಲಕ್ಷಣ: ಪ್ರಶ್ನೆಯ ವಾಕ್ಯದಲ್ಲಿ ‘ಮಾಡಬೇಕು’ ಎಂಬ ಕ್ರಿಯಾಪದ ಇಣುಕಿದರೆ ಅದು ಸಂಶೋಧನಾ ಪ್ರಶ್ನೆಯಾಗಿ ಉಳಿದಿಲ್ಲ, ಸಂಪಾದಕೀಯವಾಗಿದೆ.

ಹಂತ 2: ಆಕರ ಪರೀಕ್ಷೆ

ಸಾರಲೇಖ ಬರೆಯುವ ಮೊದಲೇ ನಡೆಯಬೇಕಾದ ಹಂತ ಇದು. ಬಹುತೇಕರು ಇದನ್ನು ಎರಡನೆಯ ವರ್ಷಕ್ಕೆ ಮುಂದೂಡುತ್ತಾರೆ. ಪಿಎಚ್.ಡಿ.ಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷಗಳ ಅವಧಿ ನೀಡುತ್ತದೆ. ಸ್ನಾತಕೋತ್ತರ ಕಿರುಪ್ರಬಂಧಕ್ಕಾದರೋ ಸಿಗುವುದು ಒಂದು ಸೆಮಿಸ್ಟರ್. ಪತ್ರಾಗಾರದ ಬಾಗಿಲು ತಟ್ಟಿ ಕಡತ ಇಲ್ಲವೆಂದು ತಿಳಿಯಲು ಎರಡನೆಯ ವರ್ಷ ತೀರಾ ತಡ.

ಮೊದಲು ಮನೆಯಲ್ಲೇ ಕುಳಿತು ನೋಡಬಹುದಾದವು. ಲೋಕಸಭೆಯ ಚರ್ಚೆಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿವೆ. ಭಾರತ ಮತ್ತು ಚೀನಾ ನಡುವೆ ವಿನಿಮಯವಾದ ಟಿಪ್ಪಣಿಗಳನ್ನೂ ಪತ್ರಗಳನ್ನೂ ವಿದೇಶಾಂಗ ಸಚಿವಾಲಯ 1959ರಿಂದ ಶ್ವೇತಪತ್ರಗಳಾಗಿ ಪ್ರಕಟಿಸಿತು. ಅವನ್ನು ಓದದೆ 1962ರ ಬಗ್ಗೆ ಬರೆಯಹೊರಡುವುದು ಸರಿಯಲ್ಲ. ನೆಹರೂ ಅವರ ಆಯ್ದ ಬರಹಗಳ ಸಂಪುಟಗಳೂ ಅಂತರ್ಜಾಲದಲ್ಲಿ ಲಭ್ಯ. ರಕ್ಷಣಾ ಸಚಿವಾಲಯದ ವಾರ್ಷಿಕ ವರದಿಗಳು, ಮಹಾಲೇಖಪಾಲರ (ಸಿಎಜಿ) ವರದಿಗಳು, 1993ರಲ್ಲಿ ಜಾರಿಗೆ ಬಂದ ವ್ಯವಸ್ಥೆಯಡಿ ಕೆಲಸ ಮಾಡುತ್ತಿರುವ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿಗಳು ಇತ್ತೀಚಿನ ವಿಷಯಗಳಿಗೆ ಬೇಕಾಗುತ್ತವೆ. ಈ ಸಮಿತಿಯ ವರದಿಗಳನ್ನು ವಿದ್ಯಾರ್ಥಿಗಳು ಕಡೆಗಣಿಸುವುದು ನನಗೆ ಅರ್ಥವಾಗದ ಸಂಗತಿ. ಭೂಸೇನೆಯ ಉಪಕರಣಗಳಲ್ಲಿ ಶೇ. 68ರಷ್ಟು ಹಳೆಯ ಕಾಲದವು ಎಂದು 2018ರಲ್ಲಿ ಸೇನೆಯ ಉಪಮುಖ್ಯಸ್ಥರೇ ಈ ಸಮಿತಿಯ ಮುಂದೆ ಹೇಳಿದ್ದರು. ಗೋಪ್ಯ ಕಡತವನ್ನು ಹುಡುಕಿ ಅಲೆಯುವವರು ಅಚ್ಚಾದ ಇಂಥ ಸಾಕ್ಷ್ಯವನ್ನು ತೆರೆದೂ ನೋಡಿರುವುದಿಲ್ಲ.

ಎರಡನೆಯದು ಪತ್ರಾಗಾರ. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಕಡತಗಳ ಸೂಚಿಯನ್ನು ಹುಡುಕಬೇಕು. ಇಂದಿನ ಕಾಗುಣಿತದಿಂದ ಹುಡುಕಿದರೆ ಅರ್ಧ ಕಡತಗಳು ಕಣ್ಣಿಗೆ ಬೀಳುವುದಿಲ್ಲ: ಇಂದಿನ ಅರುಣಾಚಲ ಪ್ರದೇಶ ಅಂದಿನ ಕಡತಗಳಲ್ಲಿ ನೇಫಾ ಆಗಿರುತ್ತದೆ, ಬೀಜಿಂಗ್ ಪೀಕಿಂಗ್ ಆಗಿರುತ್ತದೆ. ಹಿಂದೆ ನೆಹರೂ ಸ್ಮಾರಕ ಗ್ರಂಥಾಲಯವಾಗಿದ್ದು 2023ರಿಂದ ಪ್ರಧಾನಮಂತ್ರಿಗಳ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯವೆಂದು ಕರೆಯಲಾಗುವ ತೀನ್‌ಮೂರ್ತಿಯ ಸಂಸ್ಥೆಯಲ್ಲಿ ಖಾಸಗಿ ಪತ್ರಸಂಗ್ರಹಗಳೂ ಮೌಖಿಕ ಇತಿಹಾಸದ ದಾಖಲೆಗಳೂ ಇವೆ. ದೆಹಲಿಗೆ ಹೋಗಿಬರಲು ಅನುಕೂಲವಿಲ್ಲದವರು ಸಂಸ್ಥಾನದ ಕಾಲದ ಸೈನಿಕ ಇತಿಹಾಸವನ್ನು ಆಯ್ದುಕೊಂಡರೆ ಬೆಂಗಳೂರಿನಲ್ಲೇ ಇರುವ ಕರ್ನಾಟಕ ರಾಜ್ಯ ಪತ್ರಾಗಾರದಿಂದ ಕೆಲಸ ಆರಂಭಿಸಬಹುದು. 1918ರಲ್ಲಿ ಇಂದಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಮೈಸೂರು ಸಂಸ್ಥಾನದ ಅಶ್ವದಳ ಮೈಸೂರು ಲ್ಯಾನ್ಸರ್ಸ್‌ನ ಮೇಲೆ ಕನ್ನಡದಲ್ಲಿ ಅಭಿಮಾನದ ಲೇಖನಗಳು ಸಾಕಷ್ಟು ಬಂದಿವೆ. ಕಡತ ಬಿಚ್ಚಿ ಮಾಡಬೇಕಾದ ಕೆಲಸ ಇನ್ನೂ ಇದೆ.

ಮೂರನೆಯದು ವಿದೇಶಿ ದಾಖಲೆಗಳು. ಭಾರತದ ನಿರ್ಧಾರಗಳ ಬಗ್ಗೆ ಭಾರತದಲ್ಲಿ ಸಿಗದ ಕಾಗದ ವಾಷಿಂಗ್ಟನ್‌ನಲ್ಲಿ ಸಿಗುವುದು ಈ ಕ್ಷೇತ್ರದ ಮುಜುಗರದ ವಾಸ್ತವ. ಅಮೆರಿಕದ ವಿದೇಶಾಂಗ ಇಲಾಖೆ ಪ್ರಕಟಿಸುವ ವಿದೇಶಾಂಗ ದಾಖಲೆಗಳ ಮಾಲಿಕೆಯಲ್ಲಿ 1961–63ರ 19ನೆಯ ಸಂಪುಟ ದಕ್ಷಿಣ ಏಷ್ಯಾಕ್ಕೆ ಮೀಸಲು. ಅದು ಉಚಿತವಾಗಿ ಓದಲು ಸಿಗುತ್ತದೆ. 1962ರ ನವೆಂಬರ್ 19ರಂದು ನೆಹರೂ ಅಧ್ಯಕ್ಷ ಕೆನಡಿಗೆ ಬರೆದ ಎರಡು ಪತ್ರಗಳು ಕೆನಡಿ ಗ್ರಂಥಾಲಯದಲ್ಲಿವೆ. ಎಲ್ಲ ಹವಾಮಾನದಲ್ಲೂ ಹಾರಬಲ್ಲ ಸೂಪರ್‌ಸಾನಿಕ್ ಯುದ್ಧವಿಮಾನಗಳ 12 ಸ್ಕ್ವಾಡ್ರನ್‌ಗಳನ್ನು ಕೇಳಿದ್ದು ಆ ಪತ್ರವ್ಯವಹಾರದಲ್ಲೇ. ಲಂಡನ್ನಿನ ಕ್ಯೂನಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಸೂಚಿಯನ್ನು ಅಂತರ್ಜಾಲದಲ್ಲೇ ಶೋಧಿಸಬಹುದು. ಚೀನಾದ ವಿದೇಶಾಂಗ ಸಚಿವಾಲಯ 2004ರಿಂದ ಹಂತ ಹಂತವಾಗಿ ತನ್ನ ಪತ್ರಾಗಾರವನ್ನು ತೆರೆದು, 2012ರ ನಂತರ ಅದರ ಬಹುಭಾಗವನ್ನು ಮತ್ತೆ ಮುಚ್ಚಿತು. ಆ ನಡುವೆ ಹೊರಬಂದ ಹಲವು ದಾಖಲೆಗಳ ಇಂಗ್ಲಿಷ್ ಅನುವಾದ ಅಮೆರಿಕದ ಅಧ್ಯಯನ ಸಂಸ್ಥೆಯಾದ ವಿಲ್ಸನ್ ಸೆಂಟರ್‌ನ ಡಿಜಿಟಲ್ ಸಂಗ್ರಹದಲ್ಲಿದೆ.

ಇನ್ನು ಸಿಗದಿರುವುದರ ಪಟ್ಟಿ. ಇದನ್ನೂ ಬರೆದಿಡಬೇಕು. ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪಿ.ಎಸ್. ಭಗತ್ 1962ರ ಸೋಲಿನ ಕುರಿತು 1963ರಲ್ಲಿ ಸಲ್ಲಿಸಿದ ವರದಿಯನ್ನು ಸರ್ಕಾರ ಇಂದಿಗೂ ಅಧಿಕೃತವಾಗಿ ಬಿಡುಗಡೆ ಮಾಡಿಲ್ಲ. ಅದರ ಒಂದು ಭಾಗ 2014ರಲ್ಲಿ ಒಬ್ಬ ವಿದೇಶಿ ಪತ್ರಕರ್ತರ ಮೂಲಕ ಅಂತರ್ಜಾಲಕ್ಕೆ ಬಂತು. ಆ ವರದಿಯ ಗಮನ ಭೂಸೇನೆಯ ಮೇಲಿದ್ದುದರಿಂದ ವಾಯುಪಡೆಯ ಪ್ರಶ್ನೆಗೆ ಅದನ್ನೇ ಸರ್ವಸ್ವವೆಂದು ನಂಬಿ ಕೂರುವುದು ವ್ಯರ್ಥ.

ಈಗ ತೀರ್ಮಾನದ ಘಟ್ಟ. ಒಂದರ ಮೇಲೊಂದು ಅವಲಂಬಿಸದ ಕನಿಷ್ಠ ಎರಡು ಆಕರ ಸಮೂಹಗಳನ್ನು ಹೆಸರಿಸಲಾಗದಿದ್ದರೆ ಪ್ರಶ್ನೆಯನ್ನು ಬದಲಿಸಬೇಕು. ನಮ್ಮ ಉದಾಹರಣೆಯಲ್ಲಿ ‘ಯಾವ ಸಭೆಯಲ್ಲಿ, ಯಾರು ಅಂತಿಮವಾಗಿ ಬೇಡವೆಂದರು’ ಎಂಬುದಕ್ಕೆ ಬೇಕಾದ ನಡಾವಳಿ ದೊರಕದೇ ಹೋಗಬಹುದು. ಆಗ ಪ್ರಶ್ನೆಯನ್ನು ‘ವಾಯುಪಡೆಯನ್ನು ಬಳಸದಿರಲು ಕೊಟ್ಟ ಕಾರಣಗಳು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಹೇಗೆ ಬದಲಾದವು’ ಎಂದು ತಿರುಗಿಸಿದರೆ ಸಂಸತ್ತಿನ ಚರ್ಚೆ, ನೆಹರೂ ಪತ್ರಗಳು ಮತ್ತು ಅಮೆರಿಕದ ದಾಖಲೆಗಳಿಂದಲೇ ಗಟ್ಟಿಯಾದ ಉತ್ತರ ಕಟ್ಟಬಹುದು. ಪ್ರಶ್ನೆ ಕಿರಿದಾಯಿತೆಂದು ಬೇಸರಪಡುವ ವಿದ್ಯಾರ್ಥಿಗಳಿದ್ದಾರೆ. ಪರೀಕ್ಷಕರು ಅದಕ್ಕಾಗಿ ಅಂಕ ಕಳೆದದ್ದನ್ನು ನಾನು ಕಂಡಿಲ್ಲ.

ಹಂತ 3: ಕಾನೂನಿನ ಗೆರೆಯನ್ನು ಗುರುತಿಸಿಕೊಳ್ಳುವುದು

ಮಾಹಿತಿ ಹಕ್ಕು ಕಾಯ್ದೆ, 2005 ಇದ್ದರೆ ಎಲ್ಲ ಕಡತವೂ ಬರುತ್ತದೆ ಎಂಬುದು ಒಂದು ಭ್ರಮೆ. ಏನೂ ಬರುವುದಿಲ್ಲ ಎಂಬುದು ಇನ್ನೊಂದು. ಕಾಯ್ದೆಯ 8(1)(ಎ) ಕಲಮು ದೇಶದ ಭದ್ರತೆ, ವ್ಯೂಹಾತ್ಮಕ ಹಿತಾಸಕ್ತಿ ಮತ್ತು ವಿದೇಶಿ ಸಂಬಂಧಗಳಿಗೆ ಧಕ್ಕೆ ತರುವ ಮಾಹಿತಿಗೆ ವಿನಾಯಿತಿ ನೀಡುತ್ತದೆ. ಇಪ್ಪತ್ತು ವರ್ಷ ಹಳೆಯ ಮಾಹಿತಿಯನ್ನು ಕೊಡಬೇಕೆನ್ನುವ 8(3) ಕಲಮನ್ನು ತೋರಿಸಿ ಗೆದ್ದೆವೆಂದುಕೊಳ್ಳುವವರು, ಭದ್ರತೆಯ ವಿನಾಯಿತಿ ಆ ಇಪ್ಪತ್ತು ವರ್ಷಗಳ ನಂತರವೂ ಉಳಿಯುತ್ತದೆ ಎಂಬುದನ್ನು ಗಮನಿಸಿರುವುದಿಲ್ಲ. ಗುಪ್ತಚರ ಸಂಸ್ಥೆಗಳು 24ನೆಯ ಕಲಮಿನಡಿ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಹೊರತುಪಡಿಸಿ, ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗಿವೆ.

ಆದ್ದರಿಂದ ಅರ್ಜಿಯಲ್ಲಿ ‘ಏಕೆ’ ಎಂದು ಕೇಳಬಾರದು; ಅಸ್ತಿತ್ವದಲ್ಲಿರುವ ದಾಖಲೆಯನ್ನಷ್ಟೇ ಕೇಳಬಹುದು. ಕಡತದ ಸಂಖ್ಯೆ, ಅದು ಪತ್ರಾಗಾರಕ್ಕೆ ವರ್ಗವಾಗಿದೆಯೇ, ವರ್ಗವಾದ ದಿನಾಂಕ ಯಾವುದು ಎಂಬಂಥ ಸಣ್ಣ ಪ್ರಶ್ನೆಗಳಿಗೆ ಉತ್ತರ ಬರುವ ಸಂಭವ ಹೆಚ್ಚು. ಪೂರ್ಣ ದಾಖಲೆ ಕೊಡಲಾಗದಿದ್ದರೆ 10ನೆಯ ಕಲಮಿನಂತೆ ಕೊಡಬಹುದಾದ ಭಾಗವನ್ನು ಬೇರ್ಪಡಿಸಿ ಕೊಡಿ ಎಂಬ ವಾಕ್ಯವನ್ನು ಅರ್ಜಿಯಲ್ಲೇ ಸೇರಿಸಬೇಕು. ಶುಲ್ಕ 10 ರೂಪಾಯಿ, ಉತ್ತರದ ಅವಧಿ 30 ದಿನ. ಮೇಲ್ಮನವಿಗಳು ಸೇರಿದರೆ ತಿಂಗಳುಗಳು ಹಿಡಿಯುತ್ತವೆ. ಇಡೀ ಅಧ್ಯಾಯವನ್ನು ಒಂದು ಅರ್ಜಿಯ ಉತ್ತರಕ್ಕೆ ಕಟ್ಟಿಹಾಕಬಾರದು. ರಕ್ಷಣಾ ಸಚಿವಾಲಯ 2021ರಲ್ಲಿ ಪ್ರಕಟಿಸಿದ ನೀತಿಯು ದಾಖಲೆಗಳನ್ನು ಸಾಮಾನ್ಯವಾಗಿ 5 ವರ್ಷಗಳಲ್ಲಿ ಗೋಪ್ಯತೆಯಿಂದ ಮುಕ್ತಗೊಳಿಸಬೇಕು ಎನ್ನುತ್ತದೆ. ಅದನ್ನು ಅರ್ಜಿಯಲ್ಲಿ ಉಲ್ಲೇಖಿಸಬಹುದು, ಆದರೆ ಅದೊಂದರಿಂದಲೇ ಕಡತ ತೆರೆಯುವುದಿಲ್ಲ.

ಇನ್ನೊಂದು ಬದಿಯಲ್ಲಿ 1923ರ ಅಧಿಕೃತ ರಹಸ್ಯಗಳ ಕಾಯ್ದೆಯಿದೆ. ಅಕ್ರಮವಾಗಿ ಹೊರಬಂದದ್ದೆಂದು ತಿಳಿದೂ ಗೋಪ್ಯ ದಾಖಲೆಯನ್ನು ಪಡೆಯುವುದೇ ಅದರ 5ನೆಯ ಕಲಮಿನಡಿ ಅಪರಾಧವಾಗಬಹುದು. ‘ಗೋಪ್ಯ’ ಮುದ್ರೆಯಿರುವ ಕಾಗದದ ಚಿತ್ರವನ್ನು ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತೇನೆಂದರೆ ಬೇಡವೆನ್ನಬೇಕು, ಮತ್ತು ಆ ಸಂಗತಿಯನ್ನು ಅದೇ ದಿನ ಮಾರ್ಗದರ್ಶಕರಿಗೆ ಬರಹದಲ್ಲಿ ತಿಳಿಸಬೇಕು. ಪ್ರಸ್ತುತ ಸೇನಾ ನಿಯೋಜನೆ, ನೆಲೆಗಳ ಛಾಯಾಚಿತ್ರ, ಘಟಕಗಳ ಚಲನೆ ಇವು ವಿದ್ಯಾರ್ಥಿ ಪ್ರಬಂಧಕ್ಕೆ ಅಗತ್ಯವೂ ಇಲ್ಲ, ಶೋಭೆಯೂ ಅಲ್ಲ.

ಭೂಪಟದ ವಿಷಯದಲ್ಲಿ ಆಗುವ ತಪ್ಪು ಇದಕ್ಕಿಂತ ಸಾಮಾನ್ಯ. ವಿದೇಶಿ ಪುಸ್ತಕದ ನಕ್ಷೆಯನ್ನು ಸ್ಕ್ಯಾನ್ ಮಾಡಿ ಅಂಟಿಸಿದಾಗ ಜಮ್ಮು–ಕಾಶ್ಮೀರ ಮತ್ತು ಅರುಣಾಚಲದ ಗಡಿಗಳು ಭಾರತೀಯ ಸರ್ವೇಕ್ಷಣ ಇಲಾಖೆಯ ನಕ್ಷೆಗೆ ಹೊಂದದೆ ಇರುತ್ತವೆ. ಹೊಂದದ ನಕ್ಷೆಯ ಪ್ರಕಟಣೆ 1961ರ ಕಾನೂನಿನಡಿ ಶಿಕ್ಷಾರ್ಹ. ಇಲಾಖೆಯ ಹೊರರೇಖೆಯ ಮೇಲೆಯೇ ತಮ್ಮ ನಕ್ಷೆ ರಚಿಸಿಕೊಳ್ಳುವುದು ಸುರಕ್ಷಿತ.

ಹಂತ 4: ಪೈಪೋಟಿಯ ವಿವರಣೆಗಳನ್ನು ಸಾಲಾಗಿ ನಿಲ್ಲಿಸುವುದು

ಸಿದ್ಧಾಂತದ ಅಧ್ಯಾಯವೆಂದರೆ ವಾಸ್ತವವಾದ, ಉದಾರವಾದ, ರಚನಾವಾದಗಳ ತಲಾ ಹತ್ತು ಪುಟದ ಪರಿಚಯ ಎಂಬ ರೂಢಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬೇರೂರಿದೆ. ಆ ಮೂವತ್ತು ಪುಟಗಳನ್ನು ತೆಗೆದುಹಾಕಿದರೂ ಮುಂದಿನ ಅಧ್ಯಾಯಗಳಲ್ಲಿ ಒಂದು ವಾಕ್ಯವೂ ಬದಲಾಗದಿದ್ದರೆ ಅವು ಇರಬೇಕಾದ ಅಗತ್ಯವಿರಲಿಲ್ಲ. ಅದರ ಬದಲಿಗೆ ಫಲಿತಾಂಶಕ್ಕೆ ಇರಬಹುದಾದ ವಿವರಣೆಗಳನ್ನು ಬರೆದು, ಪ್ರತಿಯೊಂದರ ಮುಂದೆ ‘ಇದು ನಿಜವಾದರೆ ದಾಖಲೆಯಲ್ಲಿ ಏನು ಕಾಣಬೇಕು’ ಎಂದು ನಮೂದಿಸಬೇಕು.

ನಮ್ಮ ಪ್ರಶ್ನೆಗೆ ಕನಿಷ್ಠ ನಾಲ್ಕು ವಿವರಣೆಗಳು ಚಲಾವಣೆಯಲ್ಲಿವೆ. ಕೋಲ್ಕತ್ತಾದಂಥ ನಗರಗಳ ಮೇಲೆ ಚೀನಾ ಪ್ರತಿದಾಳಿ ನಡೆಸೀತೆಂಬ ಭಯ. ಟಿಬೆಟ್‌ನಲ್ಲಿ ಚೀನಾದ ವಾಯುಶಕ್ತಿಯ ಕುರಿತ ಗುಪ್ತಚರ ಅಂದಾಜು. ಅಮೆರಿಕದ ರಾಯಭಾರಿ ಗಾಲ್‌ಬ್ರೈತ್ ಅವರ ಸಲಹೆ. ಕಾಡು ತುಂಬಿದ ಕಡಿದಾದ ಕಣಿವೆಗಳಲ್ಲಿ ವಿಮಾನದಾಳಿ ಪರಿಣಾಮಕಾರಿಯಲ್ಲವೆಂಬ ಸೈನಿಕ ನಿರ್ಣಯ. ಇವುಗಳಲ್ಲಿ ಮೂರನೆಯದನ್ನು ದಿನಾಂಕದಿಂದಲೇ ಪರೀಕ್ಷಿಸಬಹುದು: ಬಳಸಬಾರದೆಂಬ ನಿಲುವು ಅಕ್ಟೋಬರ್ 20ಕ್ಕೆ ಮೊದಲೇ ರೂಪುಗೊಂಡಿತ್ತೆಂದು ದಾಖಲೆ ತೋರಿಸಿದರೆ, ನವೆಂಬರ್‌ನ ಸಲಹೆ ಆ ನಿಲುವಿನ ಕಾರಣವಾಗಲಾರದು, ಹೆಚ್ಚೆಂದರೆ ಅದನ್ನು ಮುಂದುವರಿಸಲು ನೆರವಾಗಿರಬಹುದು. ನಾಲ್ಕನೆಯದನ್ನು ಸ್ಥಳದಿಂದ ಪರೀಕ್ಷಿಸಬಹುದು. ಕಾಡಿನ ವಾದ ನೇಫಾಕ್ಕೆ ಹೊಂದಬಹುದು, ಮರಗಳೇ ಇಲ್ಲದ ಲಡಾಖ್‌ನ ಚುಶೂಲ್‌ಗೆ ಹೊಂದುವುದಿಲ್ಲ. ಅಕ್ಟೋಬರ್ ಕೊನೆಯಲ್ಲಿ ಎಎನ್-12 ಸಾಗಣೆ ವಿಮಾನಗಳು ಎಎಂಎಕ್ಸ್-13 ಟ್ಯಾಂಕುಗಳನ್ನು ಇಳಿಸಿದ್ದು ಅದೇ ಚುಶೂಲ್‌ನಲ್ಲಿ.

ಹೋಲಿಕೆ ಬೇಕೆನಿಸಿದರೆ ದೂರದ ದೇಶಕ್ಕೆ ಹೋಗಬೇಕಿಲ್ಲ. ಪಾಕಿಸ್ತಾನದೊಂದಿಗಿನ ಯುದ್ಧದಲ್ಲಿ 1965ರ ಸೆಪ್ಟೆಂಬರ್ 1ರ ಸಂಜೆ ಜಮ್ಮು ಭಾಗದ ಛಾಂಬ್‌ನಲ್ಲಿ ವಾಯುಪಡೆಯನ್ನು ಬಳಸಲು ರಕ್ಷಣಾ ಸಚಿವ ಚವಾಣ್ ಬಹಳ ಬೇಗ ಒಪ್ಪಿಗೆ ಕೊಟ್ಟರು; 1999ರ ಮೇ 25ರಂದು ಕಾರ್ಗಿಲ್‌ನಲ್ಲಿ ಅನುಮತಿ ಸಿಕ್ಕಿತು, ಆದರೆ ನಿಯಂತ್ರಣ ರೇಖೆ ದಾಟಬಾರದೆಂಬ ಷರತ್ತಿನೊಂದಿಗೆ. ಬಳಸದ, ಕೂಡಲೇ ಬಳಸಿದ, ಮಿತಿಯೊಳಗೆ ಬಳಸಿದ ಮೂರು ಪ್ರಕರಣಗಳು ಒಂದೇ ದೇಶದಲ್ಲಿ ಸಿಗುವುದು ಸಂಶೋಧಕರ ಪಾಲಿಗೆ ಅಪರೂಪದ ಅನುಕೂಲ.

ಹಂತ 5: ಕಾಲಾನುಕ್ರಮಣಿಕೆ

ಸ್ಪ್ರೆಡ್‌ಶೀಟಿನಲ್ಲಿ ಐದು ಕಾಲಂಗಳು ಸಾಕು: ಘಟನೆಯ ದಿನಾಂಕ, ಘಟನೆ, ಆಕರ, ಆ ಆಕರ ಬರೆಯಲ್ಪಟ್ಟ ದಿನಾಂಕ, ಖಚಿತತೆಯ ಮಟ್ಟ. ನಾಲ್ಕನೆಯ ಕಾಲಮನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅದೇ ದಿನ ಬರೆದ ತಂತಿ ಸಂದೇಶಕ್ಕೂ ಹತ್ತು ವರ್ಷದ ನಂತರದ ಆತ್ಮಕಥನಕ್ಕೂ ಇರುವ ಅಂತರ ಅಲ್ಲಿ ಕಣ್ಣಿಗೆ ರಾಚುತ್ತದೆ.

ದೆಹಲಿ ಮತ್ತು ವಾಷಿಂಗ್ಟನ್ ನಡುವಿನ ಸಮಯದ ವ್ಯತ್ಯಾಸವನ್ನು ಮರೆತರೆ ಕಾರಣ ಕಾರ್ಯಗಳು ಅದಲುಬದಲಾಗುತ್ತವೆ. ತಂತಿ ಹೊರಟ ಸಮಯ ಮತ್ತು ತಲುಪಿದ ಸಮಯ ಎರಡನ್ನೂ ಬರೆದುಕೊಳ್ಳಬೇಕು. ಹೊರಗಿನ ಪ್ರಪಂಚದ ಸಾಲೊಂದೂ ಪಕ್ಕದಲ್ಲಿರಲಿ. ಅಕ್ಟೋಬರ್ 16ರಿಂದ 28ರವರೆಗೆ ಕೆನಡಿ ಆಡಳಿತ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನಲ್ಲಿ ಮುಳುಗಿತ್ತು ಎಂಬ ಸಾಲು ಪಟ್ಟಿಯಲ್ಲಿದ್ದರೆ ಆ ದಿನಗಳ ಅಮೆರಿಕದ ಮೌನಕ್ಕೆ ಬೇರೆ ಅರ್ಥ ಹುಡುಕುವ ಪ್ರಮೇಯ ಬರುವುದಿಲ್ಲ.

ಹಂತ 6: ಆತ್ಮಕಥನ ಮತ್ತು ಸಂದರ್ಶನ

ಸೋತ ಯುದ್ಧದ ಸೇನಾನಿಗಳು ಬರೆದಷ್ಟು ಗೆದ್ದ ಯುದ್ಧದವರು ಬರೆದಿಲ್ಲ. ಪ್ರತಿಯೊಂದು ಆತ್ಮಕಥನವೂ ಒಂದು ವಕಾಲತ್ತು ಎಂದೇ ಓದಬೇಕು. ಓದುವಾಗ ಕೇಳಬೇಕಾದ ಪ್ರಶ್ನೆ ‘ಇವರು ಸತ್ಯ ಹೇಳುತ್ತಿದ್ದಾರೆಯೇ’ ಎಂಬುದಕ್ಕಿಂತ ‘ಇವರಿಗೆ ಇದು ತಿಳಿದಿರಲು ಸಾಧ್ಯವಿತ್ತೇ’ ಎಂಬುದು. 7ನೆಯ ಬ್ರಿಗೇಡಿನ ಮುಖ್ಯಸ್ಥರಾಗಿದ್ದ ಬ್ರಿಗೇಡಿಯರ್ ಜೆ.ಪಿ. ದಳವಿ ಅಕ್ಟೋಬರ್ 22ರಂದು ಸೆರೆಸಿಕ್ಕರು. ನಾಮ್ಕಾ ಚು ಕದನಕ್ಕೆ ಅವರು ಪ್ರತ್ಯಕ್ಷ ಸಾಕ್ಷಿ, ನವೆಂಬರ್‌ನಲ್ಲಿ ನೇಫಾದ ಸೇಲಾ ಮತ್ತು ಬೊಮ್ಡಿಲಾಗಳಲ್ಲಿ ನಡೆದ ಕದನಗಳಿಗೆ ಅಲ್ಲ. 4ನೆಯ ಕೋರ್‌ನ ದಂಡನಾಯಕರಾಗಿದ್ದ ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್ ಅನಾರೋಗ್ಯದಿಂದ ದೆಹಲಿಗೆ ಮರಳಿದ್ದರು. ಅಕ್ಟೋಬರ್ 20ರ ಬೆಳಗ್ಗೆ ದಾಳಿ ಶುರುವಾದಾಗ ಅವರು ರಣರಂಗದಲ್ಲಿರಲಿಲ್ಲ. ಪ್ರತಿ ಸಾಕ್ಷಿಯ ಹುದ್ದೆ, ಅವಧಿ, ಅಂದು ಇದ್ದ ಜಾಗ ಈ ಮೂರನ್ನು ಕಾಲಾನುಕ್ರಮಣಿಕೆಯ ಪಕ್ಕದಲ್ಲೇ ಇಟ್ಟುಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ನಿವೃತ್ತ ಅಧಿಕಾರಿಗಳ ಸಂದರ್ಶನಕ್ಕೆ ಕೊಡಗು, ಮೈಸೂರು, ಬೆಂಗಳೂರುಗಳಲ್ಲಿ ಅವಕಾಶ ಹೆಚ್ಚು. ಮನೆಗೆ ಹೋಗಿ ಕಾಫಿ ಕುಡಿದು ಬರುವ ಮುನ್ನ ವಿಭಾಗದ ನೈತಿಕ ಸಮಿತಿಯ ಅನುಮತಿ ಮತ್ತು ಲಿಖಿತ ಸಮ್ಮತಿಪತ್ರ ಎರಡೂ ಕೈಯಲ್ಲಿರಬೇಕು. ಕೇಳಬೇಕಾದದ್ದು ಪ್ರಕ್ರಿಯೆಯ ಬಗ್ಗೆ: ವಾಯುಬೆಂಬಲದ ಕೋರಿಕೆ ಯಾವ ಮಟ್ಟದವರೆಗೆ ಹೋಗುತ್ತಿತ್ತು, ಭೂಸೇನೆ ಮತ್ತು ವಾಯುಪಡೆಯ ನಡುವೆ ಸಂಪರ್ಕಾಧಿಕಾರಿ ಇದ್ದರೇ. ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಂದ ನಿವೃತ್ತರಾದವರು ತಮ್ಮ ಸಂಸ್ಥೆಯ ಕಾರ್ಯಕ್ಷೇತ್ರದ ಬಗ್ಗೆ ಪೂರ್ವಾನುಮತಿಯಿಲ್ಲದೆ ಪ್ರಕಟಿಸುವಂತಿಲ್ಲ ಎಂದು 2021ರಲ್ಲಿ ತಿದ್ದುಪಡಿಯಾದ ಪಿಂಚಣಿ ನಿಯಮ ಹೇಳುತ್ತದೆ. ವಿದ್ಯಾರ್ಥಿಯ ಅಡಿಟಿಪ್ಪಣಿಯಿಂದ ಅವರ ಪಿಂಚಣಿಗೆ ಕುತ್ತು ಬರಬಾರದು.

ಎಚ್ಚರಿಕೆಯ ಲಕ್ಷಣ: ಒಂದೇ ಘಟನೆಗೆ ಮೂರು ಜನ ಒಂದೇ ಪದಪುಂಜ ಬಳಸಿದರೆ ಅವರು ಮೂವರೂ ಒಂದೇ ಪುಸ್ತಕ ಓದಿದ್ದಾರೆ ಎಂದೇ ತಿಳಿಯಬೇಕು.

ಹಂತ 7: ಅಂಕಿಅಂಶಗಳ ಬಳಕೆ

ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿಯ ಶಸ್ತ್ರಾಸ್ತ್ರ ವರ್ಗಾವಣೆಯ ದತ್ತಾಂಶವನ್ನು ಡಾಲರ್ ಎಂದು ಬರೆಯುವುದು ಪರೀಕ್ಷಕರು ಹೆಚ್ಚಾಗಿ ಹಿಡಿಯುವ ತಪ್ಪು. ಅಲ್ಲಿನ ಪ್ರವೃತ್ತಿ ಸೂಚಕ ಮೌಲ್ಯವು ವರ್ಗಾವಣೆಯಾದ ಸೈನಿಕ ಸಾಮರ್ಥ್ಯದ ಅಳತೆ. ಕೊಳ್ಳುವ ದೇಶ ತೆತ್ತ ಬೆಲೆಯಲ್ಲ. ಅದನ್ನು ಜಿಡಿಪಿಯಿಂದ ಭಾಗಿಸಿ ಕೋಷ್ಟಕ ಮಾಡಿದರೆ ಆ ಕೋಷ್ಟಕಕ್ಕೆ ಯಾವ ಅರ್ಥವೂ ಇರುವುದಿಲ್ಲ.

ರಕ್ಷಣಾ ಬಜೆಟ್ಟಿನಲ್ಲಿ ಪಿಂಚಣಿಯನ್ನು ಸೇರಿಸಿದ್ದೇವೋ ಬಿಟ್ಟಿದ್ದೇವೋ ಎಂದು ಪ್ರತಿ ಕೋಷ್ಟಕದ ಕೆಳಗೆ ಹೇಳಬೇಕು. 2024–25ರಲ್ಲಿ ಒಟ್ಟು ಸುಮಾರು 6.21 ಲಕ್ಷ ಕೋಟಿ ರೂಪಾಯಿಗಳಲ್ಲಿ ಸುಮಾರು 1.41 ಲಕ್ಷ ಕೋಟಿ ಪಿಂಚಣಿಯದೇ ಆಗಿತ್ತು. ಇಷ್ಟು ದೊಡ್ಡ ಮೊತ್ತ ಒಂದು ವರ್ಷ ಒಳಗೆ, ಇನ್ನೊಂದು ವರ್ಷ ಹೊರಗೆ ಎಂದಾದರೆ ಇಲ್ಲದ ಏರಿಳಿತ ನಕ್ಷೆಯಲ್ಲಿ ಮೂಡುತ್ತದೆ. ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ವೆಚ್ಚ ಈ ಮೂರನ್ನು ಒಂದೇ ಸಾಲಿನಲ್ಲಿ ಬೆರೆಸಬಾರದು.

‘ಯುದ್ಧ’ ಎಂದು ಎಣಿಸುವ ಮಿತಿಯೂ ದತ್ತಾಂಶದಿಂದ ದತ್ತಾಂಶಕ್ಕೆ ಬೇರೆ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಯೋಜನೆ ವರ್ಷಕ್ಕೆ 25 ಕದನಸಂಬಂಧಿ ಸಾವುಗಳಿದ್ದರೆ ಸಶಸ್ತ್ರ ಸಂಘರ್ಷವೆಂದೂ 1,000 ದಾಟಿದರೆ ಯುದ್ಧವೆಂದೂ ಎಣಿಸುತ್ತದೆ. ‘ಕೊರಿಲೇಟ್ಸ್ ಆಫ್ ವಾರ್’ ಯೋಜನೆಗೆ 1,000 ಸಾವೇ ಹೊಸ್ತಿಲು. ಎರಡನೆಯದರ ಪಟ್ಟಿಯಲ್ಲಿ ಕಾರ್ಗಿಲ್ ಅಂತರರಾಷ್ಟ್ರ ಯುದ್ಧವಾಗಿ ದಾಖಲಾಗಿದೆ. ಪ್ರಜಾಪ್ರಭುತ್ವಗಳು ಪರಸ್ಪರ ಯುದ್ಧ ಮಾಡುವುದಿಲ್ಲವೆಂಬ ವಾದವನ್ನು ಚರ್ಚಿಸುವವರಿಗೆ, ಎರಡೂ ಕಡೆ ಚುನಾಯಿತ ಸರ್ಕಾರಗಳಿದ್ದಾಗ ನಡೆದ ಯುದ್ಧದ ಈ ಒಂದು ನಮೂದು ದೊಡ್ಡ ತಲೆನೋವು.

ಹಂತ 8: ಬರವಣಿಗೆ

ಮೊದಲು ಬರೆಯಬೇಕಾದದ್ದು ಪೀಠಿಕೆಯಲ್ಲ, ಪ್ರಮುಖ ಪ್ರಕರಣದ ಅಧ್ಯಾಯ. ಕಾಲಾನುಕ್ರಮಣಿಕೆಯಿಂದ ನೇರವಾಗಿ ಅದನ್ನು ಬರೆದು, ಅದು ಯಾವ ವಿವರಣೆಯನ್ನು ಉಳಿಸಿತು, ಯಾವುದನ್ನು ಕೆಡವಿತು ಎಂದು ನೋಡಿದ ಮೇಲೆ ಸಿದ್ಧಾಂತದ ಅಧ್ಯಾಯ, ಕೊನೆಗೆ ಪೀಠಿಕೆ.

ದಾಖಲೆಯಲ್ಲಿನ ಖಾಲಿ ಜಾಗಗಳನ್ನು ಓದುಗರಿಗೆ ತೋರಿಸಬೇಕು. ಕೆ. ಸುಬ್ರಹ್ಮಣ್ಯಂ ನೇತೃತ್ವದ ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿ 2000ದ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂದಾಗ ಭದ್ರತೆಯ ಕಾರಣಕ್ಕೆ ಕೆಲವು ಭಾಗಗಳನ್ನು ತೆಗೆದಿದ್ದರು. ಅಂಥ ಜಾಗದಲ್ಲಿ ‘ಇಲ್ಲಿ ಹೀಗಿದ್ದಿರಬೇಕು’ ಎಂದು ಊಹೆಯನ್ನು ತುರುಕುವ ಬದಲು, ಪಠ್ಯ ತೆಗೆದಿದೆ ಎಂದು ಬರೆದು, ಆ ಭಾಗವಿಲ್ಲದೆ ನಮ್ಮ ತೀರ್ಮಾನ ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂದು ಹೇಳುವುದೇ ಶಾಸ್ತ್ರೀಯ ರೀತಿ.

‘ನಮ್ಮ ಸೇನೆ’, ‘ಶತ್ರು’, ‘ಕುತಂತ್ರಿ ಚೀನಾ’ ಎಂಬ ಪ್ರಯೋಗಗಳು ಪತ್ರಿಕೆಯಿಂದ ಪ್ರಬಂಧಕ್ಕೆ ಅರಿವಿಲ್ಲದೆ ನುಸುಳುತ್ತವೆ. ದೇಶಪ್ರೇಮಕ್ಕೆ ಇದರಿಂದ ಚ್ಯುತಿಯಿಲ್ಲ; ‘ಭಾರತೀಯ ಸೇನೆ’, ‘ಚೀನಾದ ಪಡೆಗಳು’ ಎಂದು ಬರೆದರೆ ಸಾಕು. ಕನ್ನಡದಲ್ಲಿ ಪ್ರಬಂಧ ಬರೆಯುವವರು ಮುಖ್ಯ ಇಂಗ್ಲಿಷ್ ಉಲ್ಲೇಖಗಳ ಮೂಲಪಾಠವನ್ನು ಅನುಬಂಧದಲ್ಲಿ ಕೊಡಬೇಕು, ಸ್ಥಳನಾಮಗಳಿಗೆ ಒಂದೇ ಕಾಗುಣಿತದ ಪಟ್ಟಿ ಮಾಡಿಕೊಳ್ಳಬೇಕು. ಸೇಲಾ ಒಂದು ಪುಟದಲ್ಲಿ, ಸೆ ಲಾ ಇನ್ನೊಂದರಲ್ಲಿ ಇದ್ದರೆ ಎರಡು ಬೇರೆ ಕಣಿವೆಮಾರ್ಗಗಳೆಂದು ಓದುಗರು ಭಾವಿಸಿದರೂ ಆಶ್ಚರ್ಯವಿಲ್ಲ.

ಹಂತ 9: ಒಪ್ಪಿಸುವ ಮೊದಲಿನ ತಪಾಸಣೆ

ಯುಜಿಸಿಯ 2018ರ ನಿಯಮಾವಳಿಯಂತೆ ಬೇರೆಯವರ ಬರಹಗಳೊಂದಿಗೆ ಶೇ. 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ. 10ರಿಂದ 40ರವರೆಗಿದ್ದರೆ ಪರಿಷ್ಕರಿಸಿ ಮತ್ತೆ ಒಪ್ಪಿಸಬೇಕು, 40ರಿಂದ 60ರವರೆಗಿದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ನುಡಿ ಅಕ್ಷರಶೈಲಿಯಲ್ಲಿ ಟೈಪಾದ ಪ್ರಬಂಧವನ್ನು ಯೂನಿಕೋಡಿಗೆ ಪರಿವರ್ತಿಸದೆ ತಪಾಸಣೆಗೆ ಕೊಟ್ಟರೆ ತಂತ್ರಾಂಶಕ್ಕೆ ಕನ್ನಡ ಕಾಣುವುದಿಲ್ಲ. ಆಗ ಬರುವ ಸೊನ್ನೆಯನ್ನು ನೋಡಿ ನೆಮ್ಮದಿಪಡುವಂತಿಲ್ಲ. ಪರಿವರ್ತನೆಯ ನಂತರ ಒತ್ತಕ್ಷರಗಳು ಮತ್ತು ಅಂಕಿಗಳು ಕೆಟ್ಟಿವೆಯೇ ಎಂದು ಪುಟ ಪುಟವಾಗಿ ನೋಡಬೇಕು. ಅಡಿಟಿಪ್ಪಣಿಗಳಲ್ಲಿನ ಕಡತ ಸಂಖ್ಯೆಗಳೇ ಹೆಚ್ಚಾಗಿ ಹಾಳಾಗುತ್ತವೆ.

ಪಿಎಚ್.ಡಿ. ಪ್ರಬಂಧ ಶೋಧಗಂಗಾ ಎಂಬ ಅಂತರ್ಜಾಲದ ಪ್ರಬಂಧ ಸಂಗ್ರಹಕ್ಕೆ ಸೇರಿದ ಮೇಲೆ ಯಾರು ಬೇಕಾದರೂ ಓದಬಹುದು. ಆದ್ದರಿಂದ ಅಂತಿಮ ಪ್ರತಿಯನ್ನು ಮೂರು ವಿಷಯಗಳಿಗಾಗಿಯೇ ಮತ್ತೊಮ್ಮೆ ಓದಬೇಕು: ಹೆಸರು ಬೇಡವೆಂದ ಸಂದರ್ಶಿತರನ್ನು ಹುದ್ದೆ ಮತ್ತು ವರ್ಷದಿಂದ ಗುರುತಿಸುವಂತಿದೆಯೇ, ಭೂಪಟಗಳು ಸರ್ವೇಕ್ಷಣ ಇಲಾಖೆಯ ಗಡಿಗೆ ಹೊಂದಿವೆಯೇ, ಖಾಸಗಿ ಪತ್ರಸಂಗ್ರಹದಿಂದ ಉದ್ಧರಿಸಿದ ಸಾಲುಗಳಿಗೆ ಸಂಗ್ರಹಾಲಯದ ಅನುಮತಿ ಪತ್ರವಿದೆಯೇ. ಪತ್ರವಿಲ್ಲದ ಉದ್ಧರಣೆಯನ್ನು ಸ್ವಂತ ಮಾತಿನ ಸಾರಾಂಶವಾಗಿ ಬದಲಿಸಿ, ಕಡತದ ಸಂಖ್ಯೆಯನ್ನು ಅಡಿಟಿಪ್ಪಣಿಯಲ್ಲಿ ಹಾಗೆಯೇ ಉಳಿಸಿ, ಬೈಂಡಿಂಗಿಗೆ ಕೊಡುವ ಮುನ್ನ ಆ ಪುಟಗಳನ್ನು ಮಾರ್ಗದರ್ಶಕರಿಂದ ಮತ್ತೊಮ್ಮೆ ಸಹಿ ಮಾಡಿಸಿಕೊಳ್ಳಬೇಕು.